ಹಳೆ ಸಾಗವಾನಿ ಕಿಟಕಿಗೆ ಡಬಲ್ ಗಾಜು ಹಾಕಿಸಿದೆ, ಈಗ ದಿನಾ ಬೆಳಿಗ್ಗೆ ಮಂಜು

ಮಾಟುಂಗಾ ಮೂರನೇ ಮಹಡಿ
ತಲೆ ಕೆಟ್ಟು ಹೋಗಿದೆ. ನಮ್ಮದು ಹಳೆ ಕಟ್ಟಡ, ಕಿಟಕಿಗಳು ಒಳ್ಳೆ ಸಾಗವಾನಿಯವು, ಕಿತ್ತು ಎಸೆಯಲು ಮನಸ್ಸಾಗಲಿಲ್ಲ. ಅದೇ ಕದಗಳಿಗೆ ಡಬಲ್ ಗಾಜು ಕೂರಿಸಿದೆ, ಬೆಳಗಿನ ಜಾವವೇ ಶುರುವಾಗುವ ಲೋಕಲ್ ರೈಲಿನ ಸದ್ದು ಕಡಿಮೆಯಾಗಲಿ ಅಂತ. ಸದ್ದು ಅಷ್ಟೇನೂ ಇಳಿಯಲಿಲ್ಲ. ಅದು ಹಾಳಾಗಲಿ, ಮಳೆ ಶುರುವಾದಾಗಿನಿಂದ ಬೆಳಿಗ್ಗೆ ಎದ್ದರೆ ಗಾಜಿನ ಮೇಲೆ ಮಂಜು. ಅಂಚಿನಿಂದ ಶುರುವಾಗಿ ನಡುವಿಗೆ ಹರಡುತ್ತದೆ, ಹತ್ತು ಗಂಟೆಗೆ ಮಾಯ. ಒರೆಸಿದರೆ ಹೋಗುವುದಿಲ್ಲ. ಗಾಜಿನವನು ಕೂರಿಸಿದ ಬಡಗಿ ಮಿಸ್ತ್ರಿಯ ತಪ್ಪು ಅನ್ನುತ್ತಾನೆ, ಮಿಸ್ತ್ರಿ ಗಾಜಿನವನ ಕಡೆ ಬೆರಳು ತೋರಿಸುತ್ತಾನೆ. ಎರಡು ಗಾಜಿನ ನಡುವೆ ತೇವ ನುಗ್ಗದಂತೆ ತಡೆಯುವ ಸೀಲ್ ಹೋಗಿದೆ ಅಲ್ವಾ? ಜಗಳಕ್ಕೆ ಹೋಗಲಾ?

ಡೊಂಬಿವಲಿ ಫಾಸ್ಟ್
ಎಷ್ಟು ಎಂಎಂ? ಗಾಜು ಕೂರಿಸಲು ಹಚ್ಚಿದ ಸಿಲಿಕೋನ್ ಅಂಟು ಯಾವುದು? ಹಚ್ಚುವಾಗ ವಿನೆಗರ್ ವಾಸನೆ ಬಂತಾ?

ಮಾಟುಂಗಾ ಮೂರನೇ ಮಹಡಿ
4+6+4 (ಗಾಜು, ಸಂದು, ಗಾಜು), ಒಟ್ಟು 14 ಎಂಎಂ. ಸಿಲಿಕೋನ್ ಗೊತ್ತಿಲ್ಲ, ಬಿಳಿ ಟ್ಯೂಬ್. ವಾಸನೆ ಇತ್ತು ಅನ್ನಿಸುತ್ತದೆ, ಆಗ ಪಾಲಿಶ್ ಕೂಡ ನಡೆದಿತ್ತು.

ಡೊಂಬಿವಲಿ ಫಾಸ್ಟ್
ಮುಗೀತು ಬಿಡಿ. ಡಬಲ್ ಗಾಜಿನ ಸುತ್ತ ಒಳಗಡೆ ಬ್ಯುಟೈಲ್, ಹೊರಗಡೆ ಪಾಲಿಸಲ್ಫೈಡ್ ಅನ್ನುವ ರಬ್ಬರಿನಂಥ ಸೀಲ್ ಇರುತ್ತದೆ. ವಿನೆಗರ್ ವಾಸನೆಯ ಸಿಲಿಕೋನ್ ಆ ಸೀಲನ್ನು ಹಾಳು ಮಾಡುತ್ತದೆ. ಆ ವಾಸನೆ ಇಲ್ಲದ ನ್ಯೂಟ್ರಲ್ ಕ್ಯೂರ್ ಸಿಲಿಕೋನ್ ತರಬೇಕಿತ್ತು. ಅಗಸೆ ಎಣ್ಣೆ ಪುಟ್ಟಿಯೂ ಆಗದು. ಇದನ್ನು ಇಲ್ಲಿ ಎಷ್ಟು ಸಲ ಬರೆದಿದ್ದೇನೋ ನನಗೇ ಲೆಕ್ಕವಿಲ್ಲ.

ಕೋಥ್ರೂಡ್ ರಂದಾ
ಮಳೆ ಶುರುವಾಗಿ ಎರಡೇ ತಿಂಗಳಲ್ಲಾ ಮಾರಾಯ್ರೆ? ಅಷ್ಟು ಬೇಗ ಸೀಲ್ ಹೋಗುವುದಿಲ್ಲ. ಮೊದಲು ಹೇಳಿ, ಅದು ನಿಜವಾಗಿ ಸಾಗವಾನಿಯೇನಾ? ಮುಂಬೈಯಲ್ಲಿ ಹಳೆಯದೆಲ್ಲ ಬರ್ಮಾ ತೇಗ ಅಂತ ಎಲ್ಲರೂ ಹೇಳುತ್ತಾರೆ, ಕೆರೆದು ನೋಡಿದರೆ ಬೇರೇನೋ ಇರುತ್ತದೆ.

ಡೊಂಬಿವಲಿ ಫಾಸ್ಟ್
ಮರ ಯಾವುದಾದರೇನು ಸ್ವಾಮಿ, ಸೀಲ್ ಬಗ್ಗೆ ಮಾತಾಡುತ್ತಿದ್ದೇವೆ.

ಕೋಥ್ರೂಡ್ ರಂದಾ
ಮಳೆಗಾಲದಲ್ಲಿ ಉಬ್ಬುವ ಮರವಾದರೆ ಗಾಜಿನ ಅಂಚನ್ನು ಒತ್ತುತ್ತದೆ, ಅದಕ್ಕೇ ಕೇಳಿದೆ. ಸೀಲ್ ವಿಷಯವೇ ಬೇಕಾದರೆ ಕೇಳಿ. ನನ್ನ ಗಾಜು ಮುಂಬೈ ಕಡೆ ಸೀಲ್ ಆಗಿ ಪುಣೆಗೆ ಬಂತು. ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಕಡಿಮೆ. ಗಾಜು ಸ್ವಲ್ಪ ಹೊರಕ್ಕೆ ಉಬ್ಬಿ, ಎದುರಿನ ಕಟ್ಟಡ ಅದರಲ್ಲಿ ಡೊಂಕಾಗಿ ಕಾಣುತ್ತದೆ. ಮೂರು ವರ್ಷ ಆಯಿತು, ಒಂದು ಹನಿ ಮಂಜಿಲ್ಲ. ಗಾಜನ್ನು ಹಿಡಿದಿಡುವ ಬೀಡಿಂಗ್ ಪಟ್ಟಿ ಎಲ್ಲ ನಾನೇ ರಂದಾ ಹೊಡೆದು ನುಣುಪು ಮಾಡಿದ್ದು, ಒಂದೂ ಜೋಡಣೆ ಕಾಣದ ಹಾಗೆ. ಫೋಟೋ ಹಾಕಲಾ?

ಮಡಗಾಂವ್ ಬಾಡಿಗೆ ಮನೆ
ನಮ್ಮ ಮನೆಯ ಒಂದು ಕೋಣೆಯಲ್ಲಿ ಇನ್ನೂ ಹಳೆ ಚಿಪ್ಪಿನ ಕಿಟಕಿ ಇದೆ. ಗಾಜು ದುಬಾರಿಯಾಗಿದ್ದ ಕಾಲದಲ್ಲಿ ಗೋವಾದಲ್ಲಿ ಸಮುದ್ರದ ಚಪ್ಪಟೆ ಚಿಪ್ಪನ್ನೇ ಮರದ ಪಟ್ಟಿಗಳ ನಡುವೆ ಸಿಕ್ಕಿಸುತ್ತಿದ್ದರು. ಮಂಜೂ ಇಲ್ಲ, ಸೀಲೂ ಇಲ್ಲ. ಹೊರಗಿನದು ಏನೂ ಕಾಣುವುದಿಲ್ಲ ಅಷ್ಟೇ.

ಡೊಂಬಿವಲಿ ಫಾಸ್ಟ್
ಪಾಪ ಅವರು ಸಹಾಯ ಕೇಳಿದ್ದಾರೆ, ನೀವು ಮ್ಯೂಸಿಯಂ ತೋರಿಸುತ್ತಿದ್ದೀರಿ.

ಠಾಣೆ ಗ್ಯಾಸ್ಕೆಟ್
ಎಲ್ಲರೂ ಒಂದು ನಿಮಿಷ. ಮಾಟುಂಗಾ ಸರ್, ಒರೆಸಿದೆ ಅಂದಿರಲ್ಲ, ಯಾವ ಕಡೆ ಒರೆಸಿದಿರಿ? ಎಸಿ ಇದೆಯಾ?

ಮಾಟುಂಗಾ ಮೂರನೇ ಮಹಡಿ
ಒಳಗಡೆಯೇ. ಹೊರಗಡೆ ಯಾಕೆ ಒರೆಸಬೇಕು, ಮೇಲೆ ಛಜ್ಜಾ ಇದೆ, ಮಳೆ ನೀರು ಬೀಳುವುದೇ ಇಲ್ಲ. ಎಸಿ ರಾತ್ರಿಯೆಲ್ಲ ಇರುತ್ತದೆ, 18ಕ್ಕೆ. ಈ ಸೆಖೆಯಲ್ಲಿ ಬೇರೆ ಹೇಗೆ ಮಲಗುವುದು?

ಠಾಣೆ ಗ್ಯಾಸ್ಕೆಟ್
18! ಇದನ್ನು ಮೊದಲೇ ಹೇಳಬಾರದಿತ್ತಾ. ಹೊರಗೆ 28 ಡಿಗ್ರಿ, ತೇವ ನೂರಕ್ಕೆ 90 ಇದ್ದರೆ ಸುಮಾರು 26 ಡಿಗ್ರಿಗೆ ಇಳಿದ ಯಾವ ವಸ್ತುವಿನ ಮೇಲೂ ನೀರು ಕೂರುತ್ತದೆ. ಎಸಿ ಗಾಳಿ ಗಾಜಿಗೆ ಹೊಡೆದರೆ ಹೊರಮೈ ಅಷ್ಟು ತಣ್ಣಗಾಗುವುದು ದೊಡ್ಡ ಮಾತಲ್ಲ. ಅದೂ ನಿಮ್ಮದು 6 ಎಂಎಂ ಸಂದು, 12 ಎಂಎಂ ಸಂದಿನಷ್ಟು ತಡೆಯದು. ಅಂಚಿನಲ್ಲಿ ಎರಡು ಗಾಜಿನ ನಡುವೆ ಅಲ್ಯೂಮಿನಿಯಂ ಸ್ಪೇಸರ್ ಇರುತ್ತದೆ, ಅದು ಚಳಿಯನ್ನು ಸಲೀಸಾಗಿ ಹೊರಗೆ ದಾಟಿಸುತ್ತದೆ. ಅದಕ್ಕೇ ಅಂಚಿನಿಂದ ಶುರು. ನಾಳೆ ಕದ ತೆರೆದು ಹೊರಗಡೆ ಒರೆಸಿ ನೋಡಿ.

ಡೊಂಬಿವಲಿ ಫಾಸ್ಟ್
ಒರೆಸಲಿ. ಆದರೂ ನಾನು ಸಿಲಿಕೋನ್ ಅಂತಲೇ ಹೇಳುತ್ತೇನೆ.

ಮಾಟುಂಗಾ ಮೂರನೇ ಮಹಡಿ
ಒರೆಸಿದೆ. ಬೆಳಿಗ್ಗೆ ಆರಕ್ಕೆ, ಗ್ರಿಲ್ ಸಂದಿಯಲ್ಲಿ ಕೈ ತೂರಿಸಿಕೊಂಡು, ಎದುರು ಮನೆಯವರು ನನ್ನನ್ನೇ ನೋಡುತ್ತಿದ್ದರು. ನಾಲ್ಕು ಕದಗಳಲ್ಲಿ ಮೂರು ಒರೆಸಿದ ಕೂಡಲೇ ಸ್ವಚ್ಛ! ನಾಲ್ಕನೆಯದರಲ್ಲಿ ಕೆಳಗಿನ ಮೂಲೆ ಮಾತ್ರ ಒಳಗಿನಿಂದಲೂ ಹೋಗಲಿಲ್ಲ, ಹೊರಗಿನಿಂದಲೂ ಹೋಗಲಿಲ್ಲ. ಅಲ್ಲಿ ಸಣ್ಣ ಹನಿಗಳೂ ಕಾಣುತ್ತಿವೆ.

ಡೊಂಬಿವಲಿ ಫಾಸ್ಟ್
ಹೇಳಿದೆನಾ ಇಲ್ಲವಾ?

ಠಾಣೆ ಗ್ಯಾಸ್ಕೆಟ್
ನಾಲ್ಕಕ್ಕೂ ಒಂದೇ ಟ್ಯೂಬ್ ಹಚ್ಚಿದ್ದಲ್ಲವೇ, ಮತ್ತೆ ಒಂದೇ ಯಾಕೆ ಹೋಯಿತು? ಆ ಕದದ ಕೆಳಗಿನ ಬೀಡಿಂಗ್ ಬಿಚ್ಚಿಸಿ. ಗಾಜಿನ ಕೆಳಗೆ ರಬ್ಬರ್ ಪ್ಯಾಕಿಂಗ್ ಇದೆಯಾ, ಅಥವಾ ನೇರ ಮರದ ಮೇಲೆ ಕೂರಿಸಿದ್ದಾರಾ ನೋಡಿ. ಗಾಜನ್ನು ಕಡಿಮೆಯೆಂದರೂ 3 ಎಂಎಂ ಎತ್ತಿ ಕೂರಿಸಬೇಕು, ನೀರು ಹೊರ ಹೋಗಲು ದಾರಿ ಬೇಕು. ಇಲ್ಲದಿದ್ದರೆ ಸೀಲ್ ತಿಂಗಳುಗಟ್ಟಲೆ ನೀರಿನಲ್ಲಿ ನೆನೆಯುತ್ತದೆ. ಕದ ಜೋತು ಬಿದ್ದಿದೆಯಾ ಅಂತಲೂ ನೋಡಿ. ಮೊದಲು 4 ಎಂಎಂ ಗಾಜು ಇದ್ದರೆ ಈಗ ಗಾಜಿನ ತೂಕ ಎರಡು ಪಟ್ಟು, ಚದರ ಮೀಟರಿಗೆ 10 ಕೆಜಿ ಇದ್ದದ್ದು 20. ಕದದ ಹಳೆ ಕೀಲುಗಳಿಗೆ ಜಾಸ್ತಿಯೇ.

ಸದ್ದಿನ ವಿಷಯ: ಎರಡೂ ಗಾಜು ಒಂದೇ ದಪ್ಪ, ನಡುವೆ ಇಷ್ಟೇ ಸಂದು ಅಂದರೆ ರೈಲಿನ ದಪ್ಪ ಸದ್ದಿಗೆ ಎರಡೂ ಒಟ್ಟಿಗೆ ಅದುರುತ್ತವೆ. ಒಂಟಿ ಲ್ಯಾಮಿನೇಟೆಡ್ ಗಾಜು (ನಡುವೆ ಪ್ಲಾಸ್ಟಿಕ್ ಪದರ ಅಂಟಿಸಿದ್ದು) ಹಾಕಿ, ಕದ ಮತ್ತು ಚೌಕಟ್ಟಿನ ಸಂದಿಗೆ ರಬ್ಬರ್ ಗ್ಯಾಸ್ಕೆಟ್ ಹಾಕಿದ್ದರೆ ಇದಕ್ಕಿಂತ ಲಾಭವಿತ್ತು. ನಾನು ಒಳಗಡೆ 100 ಎಂಎಂ ಬಿಟ್ಟು ಇನ್ನೊಂದು ಕಿಟಕಿಯನ್ನೇ ಕೂರಿಸಿದ್ದೇನೆ, ನಮ್ಮ ಮನೆಯಲ್ಲಿ ಈಗ ಕುಕ್ಕರ್ ಸೀಟಿಯೇ ದೊಡ್ಡ ಸದ್ದು.

ಮಾಟುಂಗಾ ಮೂರನೇ ಮಹಡಿ
ಎಲ್ಲ ದುಡ್ಡು ಸುರಿದ ಮೇಲೆ ಇದನ್ನು ಹೇಳುತ್ತೀರಲ್ಲ. ಎಸಿ 24ಕ್ಕೆ ಇಟ್ಟೆ, ಮೂರು ಕದಗಳಲ್ಲಿ ಇವತ್ತು ಮಂಜಿಲ್ಲ. ನಾಲ್ಕನೆಯದನ್ನು ಬಿಚ್ಚಿಸಲು ಮಿಸ್ತ್ರಿಗೆ ಫೋನ್ ಮಾಡಿದೆ, ಗಣಪತಿಗೆ ಕೊಂಕಣಕ್ಕೆ ಹೋಗಿದ್ದಾರೆ. ಬಂದ ಮೇಲೆ ಹೇಳುತ್ತೇನೆ.

ಕೋಥ್ರೂಡ್ ರಂದಾ
ಬಿಚ್ಚಿಸುವಾಗ ಮರದ ಒಂದು ಚೂರು ಕೆರೆದು ಫೋಟೋ ಹಾಕಿ.

ಮಡಗಾಂವ್ ಬಾಡಿಗೆ ಮನೆ
ಠಾಣೆಯವರೇ, ಎರಡು ಕಿಟಕಿಗಳ ನಡುವಿನ ಆ 100 ಎಂಎಂನಲ್ಲಿ ಸತ್ತ ಸೊಳ್ಳೆಗಳನ್ನು ಹೇಗೆ ತೆಗೆಯುತ್ತೀರಿ?