ಪೋರ್ಟ್ ಆಫ್ ಸ್ಪೇನ್‌ನಲ್ಲಿ ಬೈಟು

ಅಮೆರಿಕದ ಮಗಳ ಮನೆಗೆ ಹೋಗಿದ್ದ ಸೀನ, ಅಳಿಯನ ಪುಣ್ಯದಿಂದ ಪೋರ್ಟ್ ಆಫ್ ಸ್ಪೇನ್‌ಗೂ ಹೋಗಿಬಂದ. ಅವತ್ತಿಂದ ದರ್ಶಿನಿ ಕಟ್ಟೆಯಲ್ಲಿ ಕಾಫಿ ನಮ್ಮದು, ಕತೆ ಅವನದು.

“ಸ್ಪೇನು ಯೂರೋಪಲ್ಲಿ ಅಲ್ವೇನೋ?” ಅಂದ ಗುಂಡ.

“ಟ್ರಿನಿಡಾಡಿನ ರಾಜಧಾನಿ ಕಣೋ. ಹೆಸರು ಸ್ಪೇನಿಂದು, ಕೊನೆಗೆ ಆಳಿದ್ದು ಇಂಗ್ಲಿಷರು, ಬೀದೀಲಿ ತಿನ್ನೋದು ಬಾರಾ–ಚನ್ನಾ!”

ರಾಯರು ಪೇಪರ್ ಮಡಚಿದರು. “ಕ್ವೀನ್ಸ್ ಪಾರ್ಕ್ ಓವಲ್ ಕ್ರಿಕೆಟ್ ಮೈದಾನ ನೋಡಿದ್ಯಾ? 1976, ವೆಸ್ಟ್ ಇಂಡೀಸ್ ಮೇಲೆ ನಮ್ಮ ಟೆಸ್ಟು. ಗೆಲ್ಲೋಕೆ 403 ಬೇಕು. ನಾಲ್ಕೇ ವಿಕೆಟ್ಟಿಗೆ 406! ನಮ್ಮ ಭದ್ರಾವತಿ ವಿಶಿ, ಅದೇ ಜಿ.ಆರ್. ವಿಶ್ವನಾಥ್, 112.”

“ಗವಾಸ್ಕರೂ 102 ಹೊಡೆದಿದ್ರಲ್ಲ?” ಅಂದೆ.

“ಹೊಡೆದಿರಬಹುದು.”

“ನಾನು ಹೋದಾಗ ಗೇಟಿಗೆ ಬೀಗ ರಾಯ್ರೇ. ಕಂಬಿ ಸಂದೀಲಿ ಹುಲ್ಲು ನೋಡ್ಕೊಂಡು ಬಂದೆ,” ಅಂದ ಸೀನ. ರಾಯರು ಆ ಹುಲ್ಲಿನ ಬಗ್ಗೆಯೇ ಎರಡು ಪ್ರಶ್ನೆ ಕೇಳಿದರು.

ಊರ ನಡುವೆ ಸವಾನಾ ಅಂತ 260 ಎಕರೆ ಬಯಲು. ಸುತ್ತ ಒನ್‌ವೇ ರಸ್ತೆ. ಹಾಗಾಗಿ ಅಲ್ಲಿನವರು ಅದನ್ನು ಜಗತ್ತಿನ ಅತಿ ದೊಡ್ಡ ಸರ್ಕಲ್ ಅಂತ ಜಂಬ ಕೊಚ್ಚುತ್ತಾರಂತೆ. ಒಂದು ಪಕ್ಕಕ್ಕೆ ಸಾಲಾಗಿ ಏಳು ಹಳೇ ಬಂಗಲೆ, ಒಂದಂತೂ ಥೇಟ್ ಸ್ಕಾಟ್‌ಲೆಂಡಿನ ಕೋಟೆ. ಸೀನ ಬಂಗಲೆಗಳನ್ನು ಬೇಗ ಮುಗಿಸಿ ತಿಂಡಿಗೆ ಬಂದ.

“ಡಬಲ್ಸ್ ಅಂತಾರೆ. ಅರಿಶಿನ ಬಣ್ಣದ ಎರಡು ಮೆತ್ತನೆ ಬಾರಾ, ಅಂದ್ರೆ ಪೂರಿ ಥರ ಕರಿದಿದ್ದು, ಮೇಲೆ ಕಡಲೆ ಪಲ್ಯ, ಹುಣಸೆ ಚಟ್ನಿ, ಸೌತೆಕಾಯಿ. ಕಾಗದದಲ್ಲಿ ತಿರುಚಿ ಕೊಡ್ತಾರೆ. ಹೇಗೂ ಎರಡಿದೆಯಲ್ಲ, ಬೈಟು ಕೊಡಪ್ಪಾ ಅಂದೆ.”

“ಕೊಟ್ನಾ?”

“ನನ್ನನ್ನೇ ದಿಟ್ಟಿಸಿದ. ನಮ್ಮವರದೇ ಮುಖ, ಹಿಂದೀಲಿ ಶುರುಮಾಡಿದೆ. ಇಂಗ್ಲಿಷಲ್ಲಿ ‘ಸಾರಿ ಅಂಕಲ್’ ಅಂದ! ಕಬ್ಬಿನ ಗದ್ದೆ ಕೂಲಿಗೆ ನಮ್ಮವರನ್ನ ಹೊತ್ತು ಕಲ್ಕತ್ತದಿಂದ ಹೊರಟ ಮೊದಲ ಹಡಗು ಅಲ್ಲಿ ಮುಟ್ಟಿದ್ದು 1845ರ ಮೇ 30ಕ್ಕೆ. ಆ ದಿನ ಈಗ್ಲೂ ಅಲ್ಲಿ ರಜಾ. ಭಾಷೆ ಮನೆಮಾತಿಂದ ಹೋಯ್ತು; ಆಲೂ, ಚನ್ನಾ, ಭಾಜಿ ಮಾತ್ರ ಗಟ್ಟಿಯಾಗಿ ಕೂತಿವೆ.”

ಅರೆಕ್ಷಣ ಯಾರೂ ಮಾತಾಡಲಿಲ್ಲ. ಗುಂಡನಿಗೆ ಅದು ತಡೆಯಲಿಲ್ಲ. “ಖಾರ?”

“ಪೆಪ್ಪರ್ ಎಷ್ಟು ಅಂದ. ಬ್ಯಾಡಗಿ ತಿಂದವನು ನಾನು, ಜಾಸ್ತೀನೇ ಹಾಕು ಅಂದೆ.”

“ಆಮೇಲೆ?”

“ಬ್ಯಾಡಗಿ ಬಣ್ಣಕ್ಕೆ ಕಣೋ, ಅದು ಪ್ರಾಣಕ್ಕೆ! ಸವಾನಾ ಪಕ್ಕ ಎಳನೀರಿನವನು ಸಿಕ್ಕ, ಬದುಕಿಕೊಂಡೆ. ಅಲ್ಲೇ ಅಳಿಯನ ಗೆಳೆಯ ಒಬ್ಬ, ಬನ್ನಿ ಅಂಕಲ್, ಲೈಮ್ ಮಾಡೋಣ ಅಂದ. ಉರಿಯೋ ಬಾಯಿಗೆ ನಿಂಬೆ ಶರಬತ್ತು, ಒಳ್ಳೇದೇ ಅಂತ ಹೋದೆ. ಹತ್ತು ಜನ ಕೂತು ಮಾತಾಡಿದ್ದೇ ಮಾತಾಡಿದ್ದು. ಎರಡು ಗಂಟೆ! ಕೊನೆಗೆ ತಡೀಲಾರದೆ ಲೈಮ್ ಎಲ್ಲಪ್ಪಾ ಅಂದೆ. ಇದೇ ಲೈಮ್ ಅಂಕಲ್ ಅಂದ. ಕೆಲಸವಿಲ್ಲದೆ ಕೂತು ಹರಟೋದಕ್ಕೆ ಅಲ್ಲಿ ಹಾಗನ್ನೋದಂತೆ.”

“ಇದನ್ನ ಕಲಿಯೋಕೆ ಅಷ್ಟು ದೂರ ಹೋದ್ಯಾ?” ಅಂದರು ರಾಯರು.

“ಇನ್ನೊಂದಿದೆ ರಾಯ್ರೇ. ‘ಜಸ್ಟ್ ನೌ’ ಬರ್ತೀನಿ ಅಂದ್ರೆ ಅಲ್ಲಿ ಈಗಲೇ ಅಂತ ಅಲ್ಲ. ಯಾವಾಗಲೋ.”

ಅಷ್ಟರಲ್ಲಿ ಗುಂಡನ ಫೋನು. ಮನೆಯಿಂದ. “ಹ್ಞೂಂ ಕಣೇ, ಹೊರಟೆ, ದಾರೀಲಿದೀನಿ,” ಅಂದವನೇ ಫೋನ್ ಜೇಬಿಗಿಳಿಸಿ, ಕಾಲು ಮಡಚಿ ಕೂತು ಕೂಗಿದ: “ಇನ್ನೆರಡು ಬೈಟು!”