ಅಪ್‌ಡೇಟ್: ಮಿರ್ಜಾನಲ್ಲಿ ನಿಂತ ಕಾರು ಕೊನೆಗೂ ಶಿರಸಿಗೆ ಬಂತು

ಮಾವನ ಕಾರು ಮಿರ್ಜಾನ ಹತ್ತಿರ ಕೆಟ್ಟು ನಿಂತಿದೆ, ನಮ್ಮ ಸಣ್ಣ ಕಾರಿಗೆ ಕಟ್ಟಿ ದೇವಿಮನೆ ಘಾಟಿ ಹತ್ತಿಸಿ ಶಿರಸಿಗೆ ತರಬಹುದಾ ಅಂತ ಕೇಳಿದ್ದೆ. ಘಾಟಿ ಸಹವಾಸ ಬೇಡ, ಕುಮಟಾವರೆಗೆ ಮಾತ್ರ ಎಳೀರಿ ಅಂದವರ ಸಲಹೆಯೇ ಕೆಲಸಕ್ಕೆ ಬಂತು. ಅವರಿಗೆ ದೊಡ್ಡ ನಮಸ್ಕಾರ.

ಎಳೆಯಲು ಮೊದಲು ಕಟ್ಟಿದ ದೋಣಿಯ ನೈಲಾನ್ ಹಗ್ಗ ಸರಿಹೋಗಲಿಲ್ಲ. ಹೊರಡುವಾಗ ರಬ್ಬರಿನ ಹಾಗೆ ಹಿಗ್ಗಿ, ಆಮೇಲೆ ಹಿಂದಿನ ಕಾರನ್ನು ಜಗ್ಗನೆ ಎಳೆಯುತ್ತಿತ್ತು. ಅದು ತುಂಡಾದರೆ ಅಪಾಯ, ಹಾಗಾಗಿ ಬಿಚ್ಚಿಬಿಟ್ಟೆವು. ಗ್ಯಾರೇಜಿನವರು ಕೊಟ್ಟ ಕಬ್ಬಿಣದ ಟೋ ಬಾರ್ (ಎರಡು ಕಾರನ್ನು ಜೋಡಿಸೋ ಗಟ್ಟಿ ಸರಳು) ಹಾಕಿದ ಮೇಲೆ ಹಿಂದಿನ ಕಾರು ಮುಂದಿನದಕ್ಕೆ ಗುದ್ದುವ ಭಯ ಹೋಯಿತು. ಎರಡು ಕಾರಿನ ನಡುವೆ 5 ಮೀಟರ್‌ಗಿಂತ ಜಾಸ್ತಿ ಅಂತರ ಇರಬಾರದು ಅಂತ ನಿಯಮವೇ ಇದೆ.

ನನಗೆ ಗೊತ್ತೇ ಇರದಿದ್ದ ವಿಷಯ ಒಂದಿತ್ತು. ಕಾರು ಎಳೆಯಲು ಕಟ್ಟೋ ಕೊಕ್ಕೆ ಡಿಕ್ಕಿಯಲ್ಲಿ ಜಾಕ್ ಪಕ್ಕದಲ್ಲೇ ಇತ್ತು! ಮುಂದಿನ ಬಂಪರ್‌ನಲ್ಲಿ ಪುಟ್ಟ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಆ ಕೊಕ್ಕೆಯನ್ನು ತಿರುಗಿಸಿ ಕೂರಿಸೋ ತೂತು ಕಾಣುತ್ತದೆ. ಬಂಪರ್‌ಗೇ ಕಟ್ಟಬೇಡಿ, ಕಿತ್ತು ಬರುತ್ತದೆ.

ಹಿಂದಿನ ಕಾರಲ್ಲಿ ಮಾವ ಕೂತಿದ್ದರು. ಗೇರ್ ನ್ಯೂಟ್ರಲ್, ಕೀ ಆನ್, ಇಲ್ಲಾಂದ್ರೆ ಸ್ಟೀರಿಂಗ್ ಲಾಕ್ ಆಗುತ್ತದೆ. ಎಂಜಿನ್ ಓಡದಿದ್ದರೆ ಬ್ರೇಕ್ ಕಲ್ಲಿನಷ್ಟು ಗಟ್ಟಿ, ಕಾಲಲ್ಲಿ ಜೋರಾಗಿ ಒತ್ತಲೇಬೇಕು. ಇದನ್ನು ಹಿಂದೆ ಕೂರುವವರಿಗೆ ಮೊದಲೇ ಹೇಳಿ. ನಮ್ಮದು ಮ್ಯಾನುಯಲ್ ಗೇರ್. ಆಟೋಮ್ಯಾಟಿಕ್ ಆಗಿದ್ದರೆ ಹೀಗೆ ಎಳೆಯದೆ ಲಾರಿ ಮೇಲೆ ಹಾಕಿಸಿ.

ಹೆದ್ದಾರಿಯ ಎಡಬದಿಯಲ್ಲೇ ನಿಧಾನಕ್ಕೆ ಕುಮಟಾ ಸೇರಿದೆವು. ಕೆಟ್ಟಿದ್ದು ಫ್ಯೂಯಲ್ ಪಂಪ್ (ಎಂಜಿನ್‌ಗೆ ಇಂಧನ ಕಳಿಸೋ ಭಾಗ). ಹೊಸದು ಹಾಕಿಸಿದ ಮೇಲೆ ಕಾರು ತಾನೇ ಘಾಟಿ ಹತ್ತಿತು.