ಸಹಾಯ ಬೇಕು: ಎಸ್‌ಎಎಸ್ ಕಾರ್ಡಿನ ಒಂದು ಕೇಬಲ್‌ನ ಡಿಸ್ಕ್‌ಗಳು ಕಾಣುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿರುವ ನಮ್ಮ ಮನೆಯ ಹಳೆಯ ಸೀರೆಗಳ ಸೆರಗು ಮತ್ತು ದಡಿಗಳ ಸ್ಕ್ಯಾನ್ ಚಿತ್ರಗಳನ್ನು ಕಾಪಿಡಲು, ಲಿನಕ್ಸ್ ಕಂಪ್ಯೂಟರ್ ಒಂದಕ್ಕೆ ಹಲವು ಡಿಸ್ಕ್‌ಗಳನ್ನು ಜೋಡಿಸಲು ಬಳಸುವ ಎಲ್‌ಎಸ್‌ಐ 9211-8ಐ ಎಂಬ ಎಸ್‌ಎಎಸ್ ಕಾರ್ಡನ್ನು ಅಳವಡಿಸಿದ್ದೇನೆ. ರೇಡ್ ಕೆಲಸವನ್ನು (ಹಲವು ಡಿಸ್ಕ್‌ಗಳನ್ನು ಒಟ್ಟುಗೂಡಿಸಿ ನಡೆಸುವುದನ್ನು) ಕಾರ್ಡಿಗೆ ಬಿಡದೆ ಜೆಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್‌ಗೆ ಒಪ್ಪಿಸುವುದೇ ಮೇಲೆಂದು ನನಗನ್ನಿಸಿದ್ದರಿಂದ, ಕಾರ್ಡೇ ರೇಡ್ ನಡೆಸುವ ಐಆರ್ ಫರ್ಮ್‌ವೇರ್ (ಕಾರ್ಡಿನೊಳಗಿನ ತಂತ್ರಾಂಶ) ತೆಗೆದು, ಡಿಸ್ಕ್‌ಗಳನ್ನು ಹಾಗೆಯೇ ಕಂಪ್ಯೂಟರಿಗೆ ತೋರಿಸುವ ಐಟಿ ಮೋಡ್‌ನ 20.00.07.00 ಆವೃತ್ತಿಯನ್ನು ಹಾಕಿದೆ.

ಕಾರ್ಡಿನ ಎರಡು ಎಸ್‌ಎಫ್‌ಎಫ್-8087 ಪೋರ್ಟ್‌ಗಳಿಗೆ, ನಾಲ್ಕು ಕವಲಾಗುವ ಒಂದೊಂದು ಬ್ರೇಕ್‌ಔಟ್ ಕೇಬಲ್‌ನಿಂದ, ತಲಾ 4 ಸಾಟಾ ಡಿಸ್ಕ್ ಜೋಡಿಸಿದ್ದೇನೆ. ಮೊದಲ ಕೇಬಲ್‌ನ ನಾಲ್ಕೂ ಕಾಣುತ್ತವೆ, ಎರಡನೆಯದರ ಒಂದೂ ಕಾಣುವುದಿಲ್ಲ. ಆದರೆ ಆ ಡಿಸ್ಕ್‌ಗಳ ಮೇಲೆ ಕೈಯಿಟ್ಟರೆ ಅವು ತಿರುಗುತ್ತಿರುವ ಸಣ್ಣ ಕಂಪನ ಬೆರಳಿಗೆ ತಿಳಿಯುತ್ತದೆ. ಪೋರ್ಟ್‌ಗಳನ್ನು ಅದಲುಬದಲು ಮಾಡಿದಾಗ ದೋಷವು ಕೇಬಲ್‌ನ ಜೊತೆಗೇ ಹೋಯಿತು. ಅದೇ ಡಿಸ್ಕ್‌ಗಳನ್ನು ಮೊದಲ ಕೇಬಲ್‌ಗೆ ಹಾಕಿದರೆ ಸರಿಯಾಗಿ ಕಾಣುತ್ತವೆ. ಹೀಟ್‌ಸಿಂಕ್ ಮುಟ್ಟಲಾಗದಷ್ಟು ಬಿಸಿಯಾಗುತ್ತಿದ್ದುದರಿಂದ ಫ್ಯಾನನ್ನೂ ಕೂಡಿಸಿದೆ, ಫಲವಾಗಲಿಲ್ಲ.

ಹೀಗಾಗಿ ಎರಡನೆಯದು ರಿವರ್ಸ್ ಬ್ರೇಕ್‌ಔಟ್ ಕೇಬಲ್ ಇರಬಹುದೆಂಬ ಅನುಮಾನ ನನ್ನದು. ಮದರ್‌ಬೋರ್ಡಿನ ಸಾಟಾ ಪೋರ್ಟ್‌ಗಳಿಂದ ಬ್ಯಾಕ್‌ಪ್ಲೇನ್‌ಗೆ (ಡಿಸ್ಕ್‌ಗಳನ್ನು ಸಿಕ್ಕಿಸುವ ಫಲಕಕ್ಕೆ) ಹೋಗುವ ಆ ರಿವರ್ಸ್ ಕೇಬಲ್ಲೂ, ಕಾರ್ಡಿನಿಂದ ಡಿಸ್ಕ್‌ಗಳಿಗೆ ಹೋಗುವ, ನನಗೆ ಬೇಕಾದ ಫಾರ್ವರ್ಡ್ ಕೇಬಲ್ಲೂ ನೋಡಲು ಒಂದೇ ತೆರನಾಗಿವೆ, ಮೇಲೆ ಯಾವ ಗುರುತೂ ಇಲ್ಲ.

ನನ್ನ ಪ್ರಶ್ನೆ ಇಷ್ಟೇ: ಮಲ್ಟಿಮೀಟರ್‌ನಲ್ಲಿ ಕಂಟಿನ್ಯುಟಿ (ಯಾವ ಪಿನ್ ಯಾವುದಕ್ಕೆ ಸೇರಿದೆ ಎಂದು) ನೋಡಿದಾಗ, ಸರಿಯಿರುವ ಕೇಬಲ್‌ಗೆ ಹೋಲಿಸಿದರೆ ಸಾಟಾ ತುದಿಯ 2-3 ಮತ್ತು 5-6ನೆಯ ಪಿನ್ ಜೋಡಿಗಳು ಪರಸ್ಪರ ಸ್ಥಾನ ಬದಲಿಸಿದ್ದರೆ, ಅದು ರಿವರ್ಸ್ ಕೇಬಲ್ಲೇ ಎಂದು ಖಚಿತವಾಗಿ ತೀರ್ಮಾನಿಸಬಹುದೇ?